ನಲವತ್ತೆಂಟು ಸಾವಿರದ ಇನ್ನೂರೈವತ್ತು

ಮೊದಲು ಯಂತ್ರವನ್ನು ನಿಧಾನ ಮಾಡಬೇಕು.
ಇಲ್ಲದಿದ್ದರೆ ಈ ಲ್ಯಾಪ್‌ಟಾಪಿನ ವೇಗಕ್ಕೆ
ನಾನು ಕೀಲಿ ಮುಟ್ಟುವಷ್ಟರಲ್ಲಿ
ಗಣಿಯೊಳಗಿನ ಪುಟ್ಟ ಮನುಷ್ಯ ಮೂರು ಸಾರಿ ಸತ್ತಿರುತ್ತಾನೆ.
ಎಮ್ಯುಲೇಟರಿಗೆ ಹೇಳುತ್ತೇನೆ: ಇಳಿ, ಇನ್ನೂ ಸ್ವಲ್ಪ ಇಳಿ,
ಕಬ್ಬಿನ ಗಾಡಿಯ ಹಿಂದೆ ಸಿಕ್ಕಿಕೊಂಡ ಬಸ್ಸಿನಷ್ಟು.
ಹಾಂ. ಈಗ ತೊಂಬತ್ತೆರಡು ಬಂತು.

ರೆಕಾರ್ಡ್ ಒತ್ತಿದೆ. ಕೆಂಪು ಚುಕ್ಕಿ.
ಒಳಗೆ ನಾಲ್ಕೇ ಬಣ್ಣ: ಕಪ್ಪು, ಬಿಳಿ, ತೆಳುನೀಲಿ,
ಬೀಟ್‌ರೂಟ್ ಬೇಯಿಸಿದ ನೀರು.
ಇಷ್ಟರಲ್ಲೇ ಬಂಗಾರ ಮಾಡಿದ್ದರು, ಬೆಂಕಿ ಮಾಡಿದ್ದರು.
ನಾವು ನಂಬಿದ್ದೆವು.

ಮಂಡ್ಯದ ಗುತ್ತಲು ರಸ್ತೆ, ಗೊಬ್ಬರದಂಗಡಿಯ ಮಹಡಿ,
ಸೋಮಾಚಾರಿ ಸರ್ ಅವರ ಕಂಪ್ಯೂಟರ್ ತರಬೇತಿ ಕೇಂದ್ರ.
ಎರಡು ಯಂತ್ರ, ಹತ್ತೊಂಬತ್ತು ಜನ.
ಚಪ್ಪಲಿ ಹೊರಗೆ.
ವೈರಸ್ ಬರುತ್ತದೆ, ಕಾಲು ತೊಳೆದು ಬನ್ನಿ, ಅನ್ನುತ್ತಿದ್ದರು;
ತೊಳೆದೇ ಹೋಗುತ್ತಿದ್ದೆವು.
ಸರ್ ಕಾಫಿಗೆ ಇಳಿದರೆ ಫ್ಲಾಪಿ ಒಳಕ್ಕೆ.
‘ತೋಡ್ಲಾ, ಎಡಕ್ಕೆ ತೋಡ್ಲಾ,
ಚೀಲ ತಲೆ ಮ್ಯಾಲೆ ಬೀಳ್ತದೆ ಕಣ್ಲಾ!’

ಅಂಕದ ಪಟ್ಟಿಯಲ್ಲಿ ಹೆಸರಿಗೆ ಮೂರೇ ಅಕ್ಷರ.
ಜವರೇಶ ಜೆ ವಿ ಆರ್ ಆದ. ಇಮ್ತಿಯಾಜ್ ಐ ಎಂ ಟಿ.
ನಾನು, ಪುಟ್ಟಮಾದಯ್ಯನ ಮಗ ಶಿವನಂಜ, ಎಸ್ ಎನ್ ಜೆ.
ಒಂದೇ ಸಂಜೆಯಲ್ಲಿ ಪೇಟೆಯವನಾದೆ.
ಎಲ್ಲರ ನೆತ್ತಿಯ ಮೇಲೆ,
ನಲವತ್ತೆಂಟು ಸಾವಿರದ ಇನ್ನೂರೈವತ್ತಕ್ಕೆ,
ಎ ಎ ಎ.

ಯಾರ್ರಯ್ಯಾ ಇದು? ಸರ್ ಕೇಳಿದರು.
ನಾನಲ್ಲಪ್ಪ, ಅಂದಳು ಅಲಮೇಲು. ಅವಳದು ಆರುನೂರು.
ಇಡೀ ಆಷಾಢ ಯಾರಿಂದಲೂ ದಾಟಲಾಗಲಿಲ್ಲ.
ಬಾಣದ ಕೀಲಿಗಳ ಸಂದಿಯಲ್ಲಿ
ಬೆಳ್ಳಗೆ ಸಬೀನಾ ಪುಡಿ ಕಂಡದ್ದು ನನಗೊಬ್ಬನಿಗೆ.
ಬಾಗಿಲಾಚೆ ಬಕೆಟ್ಟಿಗೆ ಒರಸುಬಟ್ಟೆ ಹಿಂಡುತ್ತಾ ಕೆಂಪಾಜಮ್ಮ
‘ಅದೆಂತದೋ ಕಣಪ್ಪ, ನಂಗೇನ್ ಗೊತ್ತು’ ಅಂದಳು.
ಯಾರೂ ಅವಳನ್ನು ಕೇಳಿರಲಿಲ್ಲ.

ಓದು ಬಾರದವಳು. ಆಟ ಮುಗಿದಾಗ ಪರದೆ ಹೆಸರು ಕೇಳಿರಬೇಕು.
ಎಂಟರ್, ಎಂಟರ್, ಎಂಟರ್.
ಇಷ್ಟು ವರ್ಷ ಹೀಗೇ ಅಂದುಕೊಂಡಿದ್ದೆ.

ಇಮ್ತಿಯಾಜ್ ಈಗ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ರಿಪೇರಿಯವನು.
ಫ್ಲಾಪಿಯ ಬೂಷ್ಟು ಒರೆಸಿ, ಓದಿಸಿ, ಕಳಿಸಿದ:
ಎರಡು ಹಂತ ಹೋಗಿವೆ. ಪಟ್ಟಿ ಉಳಿದಿದೆ.

ಮೊದಲ ರೆಕಾರ್ಡಿಂಗಿನಲ್ಲಿ ನಾನು ಅವಳನ್ನು ದಾಟಿದೆ.
ಹೇಗೆಂದರೆ, ಚೀಲ ತಲೆಗೆ ಬಡಿಯುವಾಗ ಒಂದು ಕೀಲಿ ಒತ್ತುವುದು,
ಹಿಂದಿನ ಗಳಿಗೆಗೆ ವಾಪಸು, ಇನ್ನೊಂದು ಕಡೆ ತೋಡುವುದು.
ನೂರಾ ಹನ್ನೊಂದು ಸಲ ಸತ್ತೆ;
ಕತ್ತರಿಸಿ ಅಂಟಿಸಿದ ವಿಡಿಯೋದಲ್ಲಿ ಒಮ್ಮೆಯೂ ಇಲ್ಲ.

ಅವಳಿಗೆ ಕರೆಂಟು ಹೋದರೆ ಹೋಯಿತು.
ಕಾರ್ಖಾನೆಯ ಸೈರನ್ನಿಗೆ ಮುಂಚೆ
ಬೀಗದ ಕೈ ಗೊಬ್ಬರದಂಗಡಿಗೆ ಕೊಟ್ಟು ಹೋಗಬೇಕು.
ನಡುವೆ ಎಷ್ಟು ಹೊತ್ತು ಸಿಕ್ಕೀತು?

ಅಳಿಸಿದೆ.
ಮತ್ತೆ ಕೆಂಪು ಚುಕ್ಕಿ. ಈ ಸಲ ವಾಪಸು ಇಲ್ಲ.
ಮೈಕು ತೆರೆದೇ ಇತ್ತು: ಪಕ್ಕದ ಮನೆಯ ಮಿಕ್ಸಿ,
ಮದ್ದೂರು ಬಸ್ಸಿನ ಹಾರ್ನು, ನನ್ನದೊಂದು ಕೆಟ್ಟ ಮಾತು.
ಮೂವತ್ತೊಂದು ಸಾವಿರದ ನಾನೂರಕ್ಕೆ ಸತ್ತೆ.
ಪಟ್ಟಿ ಬಂತು. ನನಗೆ ನಾಲ್ಕನೇ ಜಾಗ, ಜವರೇಶನ ಕೆಳಗೆ.
ಕರ್ಸರ್ ಮಿಣುಕುತ್ತಾ ಹೆಸರು ಕೇಳಿತು.

ಎಸ್. ಎನ್.
ಕೈ ನಿಂತಿತು.
ಓದು ಬಾರದವಳೆಂದು ನನಗೆ ಹೇಳಿದವರು ಯಾರು?
ಕರಿಹಲಗೆ ಒರೆಸುವ ಮುಂಚೆ
ಒಂದು ನಿಮಿಷ ನಿಂತು ನೋಡುತ್ತಿದ್ದವಳು.
ಎ ಯಾವುದೆಂದು ಗೊತ್ತಿದ್ದೇ,
ಮೊದಲನೆಯದು ಅದೇ ಎಂದು ಗೊತ್ತಿದ್ದೇ,
ಮೂರು ಸಲ ಒತ್ತಿದ್ದರೆ?

ಜೆ ಸೇರಿಸಿ ಎಂಟರ್ ಹೊಡೆದೆ.
ಪಟ್ಟಿ ಇನ್ನೆರಡು ನಿಮಿಷ ರೆಕಾರ್ಡ್ ಆಗಲೆಂದು ಬಿಟ್ಟೆ.
ನೋಡುವವರಿಗೆ ಅದರಲ್ಲಿ ಏನೂ ಇಲ್ಲ.
ಮಿಕ್ಸಿ ನಿಲ್ಲುತ್ತದೆ, ಅಷ್ಟೆ.